ಕಾರಿನ ಬಾಲ: ಒಂದು ಶಾಸ್ತ್ರೀಯ ವಿವೇಚನೆ

ವಿಕಾಸದ ಹಾದಿಯಲ್ಲಿ ಮನುಷ್ಯನ ಬಾಲ ಉದುರಿಹೋಯಿತು ಎನ್ನುತ್ತದೆ ಜೀವಶಾಸ್ತ್ರ. ಉದುರಿದ್ದೇನೋ ನಿಜ. ಆದರೆ ಅದು 1948ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮತ್ತೆ ಚಿಗುರಿತೆಂಬುದೂ, ಮಾಂಸದಲ್ಲಲ್ಲದೆ ತಗಡಿನಲ್ಲಿ ಚಿಗುರಿದ ಒಂದೇ ಕಾರಣಕ್ಕೆ ವಿದ್ವಾಂಸರ ಗಮನ ತಪ್ಪಿಸಿಕೊಂಡಿತೆಂಬುದೂ ಈ ಪ್ರಬಂಧದ ಪ್ರತಿಜ್ಞೆ. ಆ ವರ್ಷದ ಕ್ಯಾಡಿಲಾಕ್ ಕಾರಿನ ಹಿಂಬದಿಯಲ್ಲಿ ಎರಡು ಪುಟ್ಟ ಉಬ್ಬುಗಳು ಕಾಣಿಸಿಕೊಂಡವು. ಜನರಲ್ ಮೋಟರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ಮತ್ತು ಸಂಗಡಿಗರು ಲಾಕ್‌ಹೀಡ್ ಪಿ-38 ಯುದ್ಧವಿಮಾನವನ್ನು ನೋಡಿ ಬಂದು ಮರುಳಾಗಿದ್ದರು. ಆ ವಿಮಾನಕ್ಕೋ ಒಂದಲ್ಲ, ಎರಡು ಬಾಲ. ವಂಶವೃಕ್ಷಕ್ಕೆ ಇದಕ್ಕಿಂತ ಸ್ಪಷ್ಟವಾದ ಬೇರು ಬೇಕೆ?

ಮೊದಮೊದಲು ಕ್ಯಾಡಿಲಾಕ್ ಕೊಳ್ಳಬಲ್ಲ ಕುಳಗಳಿಗಷ್ಟೇ ಮೀಸಲಾಗಿದ್ದ ಬಾಲ, 1957ರ ಹೊತ್ತಿಗೆ ಷೆವರ್ಲೆ, ಪ್ಲಿಮತ್‌ಗಳ ಮೂಲಕ ಸಾಮಾನ್ಯ ಸಂಸಾರಿಗಳಿಗೂ ದಕ್ಕಿತು. ಎಲ್ಲರಿಗೂ ಬಾಲ ಬಂದ ಮೇಲೆ ದೊಡ್ಡವರ ಗತಿಯೇನು? ರಾವಣನ ಆಸ್ಥಾನದಲ್ಲಿ ಅಂಗದ ತನ್ನ ಬಾಲವನ್ನೇ ಸುರುಳಿ ಸುತ್ತಿ, ಸಿಂಹಾಸನಕ್ಕಿಂತ ಎತ್ತರದಲ್ಲಿ ಕೂತನಲ್ಲ, ಅದೇ ನ್ಯಾಯ ಇಲ್ಲಿಯೂ ನಡೆಯಿತು. 1956ರಲ್ಲಿ ಜನರಲ್ ಮೋಟರ್ಸ್‌ನ ಚಕ್ ಜೋರ್ಡನ್, ಬೇಲಿಯಾಚೆ ನಿಲ್ಲಿಸಿದ್ದ ಕ್ರೈಸ್ಲರ್ ಕಂಪನಿಯ ಮುಂದಿನ ವರ್ಷದ ಕಾರುಗಳ ಬಾಲ ಕಂಡು ಸುದ್ದಿ ಮುಟ್ಟಿಸಿದ್ದೇ ತಡ, ಕಂಪನಿ ತನ್ನ 1959ರ ಮಾದರಿಗಳ ವಿನ್ಯಾಸವನ್ನೇ ಬದಲಿಸಿತು. ಹಾಗೆ ಹುಟ್ಟಿದ ಕ್ಯಾಡಿಲಾಕ್ ಹದಿನೆಂಟು ಮುಕ್ಕಾಲು ಅಡಿ ಉದ್ದವಿತ್ತು. ಚೂಪಾಗಿ ಮೇಲೆದ್ದ ಒಂದೊಂದು ಬಾಲಕ್ಕೂ ಬಂದೂಕಿನ ಗುಂಡಿನಾಕಾರದ ಜೋಡಿ ಕೆಂಪು ದೀಪ. ಅಂಗರಚನೆಯ ದೃಷ್ಟಿಯಿಂದ ಮಾತ್ರ 1957ರ ಷೆವರ್ಲೆ ಬೆಲ್ ಏರ್ ಹೆಚ್ಚು ಕುತೂಹಲಕರ. ಅದರ ಎಡಬಾಲದ ಹೊಳೆಯುವ ಕ್ರೋಮ್ ಪಟ್ಟಿಯನ್ನು ಸರಿಸಿದರೆ ಒಳಗೆ ಪೆಟ್ರೋಲ್ ಮುಚ್ಚಳ. ಬಾಲದಿಂದ ಉಣ್ಣುವ ಪ್ರಾಣಿ ಸೃಷ್ಟಿಯಲ್ಲಿ ಬೇರೊಂದಿದ್ದಂತಿಲ್ಲ.

ಇನ್ನು ಪೂರ್ವಪಕ್ಷ. ಬಾಲ ಇರುವುದು ಶೋಕಿಗಲ್ಲ, ಅಡ್ಡಗಾಳಿಯಲ್ಲಿ ಕಾರು ತೂರಾಡದಿರಲೆಂದು ಎಂಬುದು ಕ್ರೈಸ್ಲರ್‌ನ ವಿನ್ಯಾಸಕಾರ ವರ್ಜಿಲ್ ಎಕ್ಸ್‌ನರ್ ಅವರ ವಾದ; ಗಾಳಿಸುರಂಗದ ಪರೀಕ್ಷೆಗಳ ಬೆಂಬಲವೂ ಅದಕ್ಕಿತ್ತು. ಒಪ್ಪೋಣ. ಆದರೆ ಬಾಲಧಾರಿಗಳು ಹಿಂಡುಹಿಂಡಾಗಿ ಸೇರುತ್ತಿದ್ದುದೆಲ್ಲಿ? ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್‌ಗಳಲ್ಲಿ. 1950ರ ದಶಕದ ಕೊನೆಗೆ ದೇಶದಲ್ಲಿ ಅಂಥವು ನಾಲ್ಕು ಸಾವಿರಕ್ಕೂ ಹೆಚ್ಚಿದ್ದವು. ಎರಡು ಗಂಟೆ ಅಲ್ಲಾಡದೆ ನಿಂತ ಕಾರಿಗೆ ಅಡ್ಡಗಾಳಿಯ ಭಯವೇ? ಇದೆಲ್ಲ ಬರೀ ವ್ಯಾಪಾರ, ಹೋದ ವರ್ಷದ ಕಾರು ಈ ವರ್ಷ ಹಳತಾಗಿ ಕಾಣಲೆಂದು ಹೂಡಿದ ಹಂಚಿಕೆ ಎನ್ನುವವರ ಮಾತಿನಲ್ಲಿ ಹುರುಳಿದೆ, ಅರ್ಲ್ ಕೂಡ ಅದನ್ನೇನೂ ಮುಚ್ಚಿಟ್ಟವರಲ್ಲ. ಆದರೂ ನವಿಲು ವರ್ಷಕ್ಕೊಮ್ಮೆ ಗರಿ ಉದುರಿಸಿ ಹೊಸದು ಪಡೆಯುವುದು ಯಾವ ಮಾರಾಟ ವಿಭಾಗದ ಆಜ್ಞೆಯಿಂದ ಎಂಬುದನ್ನು ಅವರೇ ತಿಳಿಸಬೇಕು. ಬಾಲವಿಲ್ಲದ ಫೋಕ್ಸ್‌ವ್ಯಾಗನ್ ಬೀಟಲ್ ಅದೇ ಕಾಲಕ್ಕೆ ಅಲ್ಲಿ ಭರ್ಜರಿಯಾಗಿ ಮಾರಾಟವಾಯಿತಲ್ಲ ಎಂಬ ಆಕ್ಷೇಪ ಇನ್ನೂ ಸುಲಭ. ಆ ಕಾರಿನ ಎಂಜಿನ್ನೇ ಹಿಂದಿದೆ. ಇರುವ ಸತ್ವವನ್ನೆಲ್ಲ ಹಿಂಬದಿಗೆ ತುಂಬಿಕೊಂಡ ಪ್ರಾಣಿಗೆ ಪ್ರತ್ಯೇಕ ಬಾಲ ಏತಕ್ಕೆ?

ಕೊನೆಯ ಆಕ್ಷೇಪ ತುಸು ಗಟ್ಟಿ: 1960ರ ದಶಕದ ನಡುವಿಗೆ ಡೆಟ್ರಾಯಿಟ್ ಬಾಲ ಮುದುರಿಕೊಂಡಿತು, ಆದ್ದರಿಂದ ಇದು ವಿಕಾಸವಲ್ಲ, ಬರೀ ಖಯಾಲಿ. ವಾದಿಗಳು ವಲಸೆಯನ್ನು ಮರೆತಿದ್ದಾರೆ. ತವರಿನಲ್ಲಿ ಅಳಿದ ತಳಿ ಪರದೇಶದಲ್ಲಿ ಕುಬ್ಜವಾಗಿ ಉಳಿಯುವುದುಂಟು. ಇಟಲಿಯ ಫಿಯೆಟ್ 1100 ಅದೇ ಬಾಲದ ಕಿರುರೂಪವನ್ನು ಹೊತ್ತು ಭಾರತಕ್ಕೆ ಬಂದು, ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಪ್ರೀಮಿಯರ್ ಪದ್ಮಿನಿಯೆಂಬ ಹೆಸರು ಪಡೆದು, ದಶಕಗಟ್ಟಲೆ ಸಂತಾನ ಬೆಳೆಸಿತು. ತಳಿ ನಿರ್ನಾಮವಾಯಿತೆನ್ನುವವರು ಹಳೆಯ ಪದ್ಮಿನಿಯೊಂದರ ಹಿಂದೆ ನಿಂತು, ದೀಪಗಳ ಮೇಲಿನ ಆ ಎರಡು ಏಣುಗಳನ್ನು ಕೈಯಾರೆ ಸವರಿ ನೋಡಿ ಆಮೇಲೆ ವಾದಕ್ಕೆ ಬರಲಿ.