ಯೆಜ್ಡಿ ನಿದಾನ: ಧೂಮಾಗ್ನಿ ವ್ಯಾಪ್ತಿಯ ಪುನರ್ವಿಮರ್ಶೆ

ಹೊಗೆ ಇದ್ದಲ್ಲಿ ಬೆಂಕಿ ಇರಲೇಬೇಕು ಎಂಬ ವ್ಯಾಪ್ತಿಯನ್ನು ನೈಯಾಯಿಕರು ಶತಮಾನಗಳಿಂದ ಸಾಧಿಸಿಕೊಂಡು ಬಂದಿದ್ದಾರೆ. ಅವರಿಗೆ ಪಕ್ಷ ಸದಾ ಬೆಟ್ಟ, ದೃಷ್ಟಾಂತ ಸದಾ ಅಡುಗೆಮನೆ. ಟೂ-ಸ್ಟ್ರೋಕ್ ಎಂಜಿನ್ನನ್ನು ಅವರು ಕಂಡಿರಲಿಲ್ಲವಾದ್ದರಿಂದ ಕ್ಷಮಿಸಬಹುದು. ಚಾಮುಂಡಿ ಬೆಟ್ಟದ ಅರ್ಧ ದಾರಿಯಲ್ಲಿ ನಿಂತುಹೋದ ಯೆಜ್ಡಿ ಬೈಕಿನ ಸುತ್ತ ಹೊಗೆ ಯಥೇಚ್ಛವಾಗಿದೆ, ಪ್ಲಗ್ಗಿನಲ್ಲಿ ಮಾತ್ರ ಕಿಡಿ ಇಲ್ಲ. ಬೆಟ್ಟವೂ ಇದೆ, ಹೊಗೆಯೂ ಇದೆ, ವ್ಯಾಪ್ತಿ ಮುರಿದುಬಿದ್ದಿದೆ. ಈ ತಾರ್ಕಿಕ ಅನಾಹುತದ ಪರಿಹಾರವೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಮೊದಲು ಸಂಪ್ರದಾಯದ ಇತಿಹಾಸ. 1929ರಲ್ಲಿ ಪ್ರಾಗ್ ನಗರದಲ್ಲಿ ಉದಿಸಿದ ಜಾವಾ ದರ್ಶನವು 1961ರಲ್ಲಿ ಮೈಸೂರಿನ ಯಾದವಗಿರಿಗೆ ಬಂದು ಐಡಿಯಲ್ ಜಾವಾ ಎಂಬ ಕಾರ್ಖಾನೆಯಾಗಿ ನೆಲೆಯೂರಿತು. 1973ರಿಂದ ಯೆಜ್ಡಿ ಎಂಬ ಅಭಿಧಾನ ಪಡೆಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಮೂಲಕರ್ತೃಗಳು ಹೋದರು, ಭಾಷ್ಯಕಾರರು ಉಳಿದರು. ಲೋಕವು ಇವರನ್ನು ಮೆಕ್ಯಾನಿಕ್ ಎನ್ನುತ್ತದೆ. ಬಿಡಿಭಾಗಗಳ ವಿಷಯದಲ್ಲಂತೂ ಈಗ ಪೇಟೆಯಲ್ಲಿ ಮೂಲಪಾಠಕ್ಕಿಂತ ಪಾಠಾಂತರಗಳೇ ಹೆಚ್ಚು, ಪ್ರತಿಯೊಂದರ ಡಬ್ಬಿಯ ಮೇಲೂ 'ಒರಿಜಿನಲ್' ಎಂದೇ ಬರೆದಿರುತ್ತದೆ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಎಡಗಾಲು ಗಟ್ಟಿಯಿರುವವನು. ಏಕೆಂದರೆ ಈ ಗಾಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಎಂಬ ದ್ವೈತವಿಲ್ಲ. ಎಡಬದಿಯ ಒಂದೇ ಲಿವರನ್ನು ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಮರಳಿ ಮುಂದಕ್ಕೆ ಮಲಗಿಸಿದರೆ ಗೇರ್. ಈ ಅದ್ವೈತವನ್ನು ಅರಗಿಸಿಕೊಳ್ಳದವರು ಮುಂದಿನ ಪ್ಯಾರಾ ಓದುವ ಅಗತ್ಯವಿಲ್ಲ.

ಈಗ ಪೂರ್ವಪಕ್ಷ. 'ಪಿಕಪ್ ಇಲ್ಲ, ಮಿಸ್ ಹೊಡೀತಿದೆ' ಎಂದು ಯಜಮಾನ ಬಾಯಿಬಿಡುವಷ್ಟರಲ್ಲೇ ಕಾರ್ಬೊರೇಟರ್‌ವಾದಿ 'ಕಾರ್ಬೊರೇಟರ್ ಬಿಚ್ಬೇಕು ಸಾರ್' ಎನ್ನುತ್ತಾನೆ. ಈ ಮತಕ್ಕೆ ಒಂದೇ ಆಧಾರ: ಕಾರ್ಬೊರೇಟರ್ ಕೈಗೆ ಸಿಗುವ ಜಾಗದಲ್ಲಿದೆ. ಕಳವಾದ ಮನೆಯ ಜಗಲಿಯಲ್ಲಿ ಕೂತಿದ್ದವನನ್ನೇ ಪೊಲೀಸರು ಹಿಡಿದೊಯ್ಯುವ ಹಾಗೆ ಇದು. ಜೆಟ್ಟಿಗೆ ಗಾಳಿ ಹೊಡೆದು ಮತ್ತೆ ಕೂರಿಸಿದ ಮೇಲೆ ಗಾಡಿ ಎಳೆಯುತ್ತದಲ್ಲ ಎಂದು ಅವನು ಕೇಳಬಹುದು. ಉತ್ತರ: ಬಿಚ್ಚುವಾಗ ಅವನು ಪೆಟ್ರೋಲ್ ಕಾಕಿನ ಕಸ ಹೊರಬಿಟ್ಟ, ಪ್ಲಗ್ ಒರೆಸಿದ, ಗಾಡಿಯನ್ನು ಎರಡು ಗಂಟೆ ತಣ್ಣಗಾಗಲು ಬಿಟ್ಟ. ಇದು ಕಾಕತಾಳೀಯ. ಆದರೂ ನ್ಯಾಯಕ್ಕಾಗಿ ಒಂದು ಅಪವಾದ ಒಪ್ಪೋಣ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಪೆಟ್ರೋಲ್ ಆವಿಯಾಗಿ, ಅದಕ್ಕೆ ಬೆರೆಸಿದ ಟೂ-ಟಿ ಆಯಿಲ್ ಉಳಿದು ಅಂಟಾಗಿ ಜೆಟ್ಟನ್ನು ಮುಚ್ಚುತ್ತದೆ. ಆಗ ಮಾತ್ರ ಕಾರ್ಬೊರೇಟರ್ ತಪ್ಪಿತಸ್ಥ, ಅದೂ ಪರಪ್ರೇರಣೆಯಿಂದ.

ಸಿದ್ಧಾಂತಿಯ ಮೊದಲ ಪ್ರಮಾಣ ಪ್ರತ್ಯಕ್ಷ. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಬೇಕು. ಕಾಫಿಪುಡಿ ಬಣ್ಣವಿದ್ದರೆ ಕ್ಷೇಮ. ಒದ್ದೆಗಪ್ಪಾಗಿದ್ದರೆ ಆಯಿಲ್ ಹೆಚ್ಚು, ಅಥವಾ ಕಿಡಿ ಕಮ್ಮಿ. ಬಿಳುಚಿಕೊಂಡಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ, ಅಂಥ ಗಾಡಿಯನ್ನು ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ನಿಜವಾದ ಗಹನ ಪ್ರಕರಣ ಬಲಬದಿಯ ಕವರಿನೊಳಗಿದೆ. ಅಲ್ಲಿ ಡೈನಮೊ, ಅದರ ಪಕ್ಕ ಪಾಯಿಂಟ್ ಸೆಟ್, ಅದಕ್ಕಂಟಿಕೊಂಡು ಹೆಬ್ಬೆರಳಿಗಿಂತ ಚಿಕ್ಕದಾದ ಕಂಡೆನ್ಸರ್. ಪಾಯಿಂಟ್ ಪೂರ್ತಿ ತೆರೆದಾಗ 0.4 ಮಿಲಿಮೀಟರ್ ಸಂದು ಇರಬೇಕು. ಸಂಪ್ರದಾಯಸ್ಥರು ಇದನ್ನು ಕಣ್ಣಳತೆಯಲ್ಲೇ ಇಡುತ್ತಾರೆ, ನಾನು ಫೀಲರ್ ಗೇಜ್ ಪಕ್ಷದವನು. ಕಂಡೆನ್ಸರಿನದು ಇನ್ನೂ ಸೂಕ್ಷ್ಮ ಕುಟಿಲತೆ. ತಣ್ಣಗಿದ್ದಾಗ ಅದು ಸದ್ಗೃಹಸ್ಥ. ಎಂಜಿನ್ ಕಾಯಿಸಿಕೊಂಡು ನಾಲ್ಕಾರು ಕಿಲೋಮೀಟರ್ ಹೋದ ಮೇಲೆ ಕೈಕೊಡುತ್ತದೆ. ಗಾಡಿ ನಿಲ್ಲುತ್ತದೆ. ತಳ್ಳಿಕೊಂಡು ಗ್ಯಾರೇಜಿಗೆ ಬರುವಷ್ಟರಲ್ಲಿ ತಣ್ಣಗಾಗಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ ಯಜಮಾನನ ಮಾನ ಕಳೆಯುತ್ತದೆ. ಇದನ್ನು ಹಿಡಿಯುವ ಬಗೆ ಹೀಗೆ: ಗಾಡಿ ಬಿಸಿಯಿದ್ದಾಗಲೇ ಕವರ್ ಬಿಚ್ಚಿ, ಸಂಜೆ ಮಬ್ಬಿನಲ್ಲಿ ಇನ್ನೊಬ್ಬರಿಂದ ಕಿಕ್ ಹೊಡೆಸಿ ಪಾಯಿಂಟಿನ ತುದಿ ನೋಡಬೇಕು. ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿ ಅಲ್ಲೇ ಪಟಪಟನೆ ಹಾರುತ್ತಿದ್ದರೆ, ತುದಿಗಳು ಸುಟ್ಟು ಕಪ್ಪಾಗಿದ್ದರೆ, ಕಂಡೆನ್ಸರ್ ಬದಲಿಸುವುದೇ ಮೋಕ್ಷ. 6 ವೋಲ್ಟಿನ ಬ್ಯಾಟರಿ ಸೊರಗಿದ್ದರೂ ಪ್ಲಗ್ಗಿನ ಕಿಡಿ ಕುಂದುತ್ತದೆ ಎಂಬುದು ಈ ಪ್ರಕರಣದ ಕೊನೆಯ ಟಿಪ್ಪಣಿ.

ಇನ್ನು ಪ್ರಾಣವಾಯು ವಿಚಾರ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗುಂಡುಸೂಜಿ ತೂರುವಷ್ಟು ರಂಧ್ರವೊಂದಿದೆ. ಅದು ಮುಚ್ಚಿದರೆ ಟ್ಯಾಂಕಿಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದಿಲ್ಲ. ಮುಚ್ಚಳ ತೆರೆದಾಗ 'ಸುಯ್' ಎಂದು ಕೇಳಿದರೆ ಶಬ್ದಪ್ರಮಾಣ ಸಿದ್ಧಿಸಿದಂತೆ. ಉಚ್ಛ್ವಾಸದಷ್ಟೇ ನಿಶ್ವಾಸವೂ ಮುಖ್ಯ. ಈ ಗಾಡಿಗೆ ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಚಾಲೂ ಗಾಡಿಯ ಎರಡೂ ಸೈಲೆನ್ಸರುಗಳ ಹಿಂದೆ ಗೇಣುದೂರದಲ್ಲಿ ಅಂಗೈ ಹಿಡಿಯಿರಿ. ಒಂದರಲ್ಲಿ ಧಕ್ಕೆ, ಇನ್ನೊಂದರಲ್ಲಿ ನಿಟ್ಟುಸಿರು ಬಂದರೆ ಅದರೊಳಗೆ ಕಾರ್ಬನ್ ಕಟ್ಟಿದೆ. ಒಳಕೊಳವೆ ಎಳೆದು ಸುಟ್ಟರೆ, ಇಲ್ಲವೇ ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಅರ್ಧ ಪಿಕಪ್ ಮರಳುತ್ತದೆ. ಸಿಲಿಂಡರಿನ ಪೋರ್ಟಿನಲ್ಲೂ ಮಸಿ ಇದ್ದೇ ಇರುತ್ತದೆ, ಕೆರೆಸಿಬಿಡಿ.

ಕೊನೆಗೆ ಧೂಮ. ಸ್ಟಾರ್ಟ್ ಮಾಡಿದಾಗಿನ ಹೊಗೆ ಸಹಜ. ಮಿಶ್ರಣದಲ್ಲಿ ಆಯಿಲ್ ಜಾಸ್ತಿಯಾದ ಹೊಗೆ ಭಕ್ತಿಯ ಅತಿರೇಕ. ಓಡಿದಷ್ಟೂ ಹೊಗೆ ಹೆಚ್ಚುತ್ತ, ಗೇರ್ ಬಾಕ್ಸಿನ ಆಯಿಲ್ ತಾನಾಗಿ ಕಮ್ಮಿಯಾಗುತ್ತಿದ್ದರೆ, ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ. ಎಂಜಿನ್ ಆ ಆಯಿಲನ್ನೇ ಕುಡಿಯುತ್ತಿದೆ. ಡೈನಮೊ ಬದಿಯ ಸೀಲ್ ಹೋದರೆ ಹೊಗೆಯೇ ಇಲ್ಲ. ಗಾಳಿ ನುಗ್ಗಿ, ರೇಸ್ ಕೊಡದೆಯೂ ಎಂಜಿನ್ ಕಿರುಚುತ್ತದೆ. ಹೊಗೆ ಇಲ್ಲದಿದ್ದರೂ ರೋಗ ಇದೆ, ಹೊಗೆ ಇದ್ದರೂ ಕಿಡಿ ಇಲ್ಲ. ನೈಯಾಯಿಕರ ಹೇತು ಎರಡೂ ಕಡೆಯಿಂದ ಕೆಟ್ಟಿತು. ಬೋರ್ ಹೊಡೆಸುವ ವಿಚಾರ ಸಾಲದ ಶಾಸ್ತ್ರಕ್ಕೆ ಸೇರಿದ್ದು, ಇಲ್ಲಿ ಅಪ್ರಸ್ತುತ.

ಸಿದ್ಧಾಂತ ಲಾಘವ ನ್ಯಾಯವನ್ನು ಆಶ್ರಯಿಸಿದೆ: ಕಾಸು ಬೀಳದ್ದನ್ನು ಮೊದಲು ನೋಡು, ಎಂಜಿನ್ ಇಳಿಸುವುದನ್ನು ಕೊನೆಗೆ. ಒಪ್ಪದ ವಿದ್ವಾಂಸರು ಖಂಡನಗ್ರಂಥ ಬರೆಯಬಹುದು. ಓದುಗರಲ್ಲಿ ವಿನಂತಿ ಇಷ್ಟೇ: ಸ್ಪ್ಯಾನರಿಗೆ ಕೈ ಹಾಕುವ ಮುಂಚೆ ಪೆಟ್ರೋಲ್ ಕಾಕ್ ತೆರೆದಿದೆಯೇ ನೋಡಿ.