ಹಾಸನದವರೆಗಿನ ಕಿಟಕಿ

ಏಪ್ರಿಲ್ 10ಕ್ಕೆ ಫಲಿತಾಂಶ ಕೈಗಿಟ್ಟು ಬಾಗಿಲು ಹಾಕಿಕೊಳ್ಳುವ ಶಾಲೆ ಮತ್ತೆ ಬಾಗಿಲು ತೆರೆಯುವುದು ಮೇ 29ಕ್ಕೆ. ನಮ್ಮ ರಾಜ್ಯದ ಶಾಲೆಗಳ ಲೆಕ್ಕ ಈಚಿನ ವರ್ಷಗಳಲ್ಲಿ ಹೆಚ್ಚುಕಮ್ಮಿ ಹೀಗೇ ಇದೆ. ನಡುವಿನ ಏಳು ವಾರ ಮಕ್ಕಳು ನಮ್ಮವು. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ, ಆ ಸೆಕೆಯಲ್ಲಿ, ಎರಡು ಮಕ್ಕಳನ್ನು ಅಷ್ಟು ದಿನ ಇಟ್ಟುಕೊಂಡು ಬದುಕುವುದು ಹುಡುಗಾಟದ ಮಾತಲ್ಲ. ಬೇಸಿಗೆ ಶಿಬಿರಗಳು ಇರುವುದು ಮಕ್ಕಳ ಪ್ರತಿಭೆ ಅರಳಿಸಲು ಎಂದು ಕರಪತ್ರಗಳಲ್ಲಿ ಅಚ್ಚಾಗಿರುತ್ತದೆ. ಅಪ್ಪ ಅಮ್ಮಂದಿರ ಜೀವ ಉಳಿಸಲು ಎಂಬುದು ನನ್ನ ಗುಮಾನಿ. ಶಿಬಿರದ ಫೀಸು ಕೇಳಿ ತಲೆ ತಿರುಗಿದವರಿಗೆ ಉಳಿಯುವ ದಾರಿ ಒಂದೇ: ಅಜ್ಜಿ ಮನೆ.

ನಮ್ಮ ಮಕ್ಕಳ ಅಜ್ಜಿ ಮನೆ ಘಟ್ಟದ ಕೆಳಗೆ, ಪುತ್ತೂರಿನಿಂದ ಒಳಕ್ಕೆ. ಅಲ್ಲಿಗೆ ಹೋಗುವವರಲ್ಲಿ ಎರಡು ಪಂಥ. ರಾತ್ರಿ ಬಸ್ಸಿನವರದು ಸರಳ ಸಿದ್ಧಾಂತ. ಮಕ್ಕಳಿಗೆ ಊಟ ಮಾಡಿಸಿ ಸ್ಲೀಪರ್ ಬಸ್ಸಿಗೆ ಹತ್ತಿಸಿದರೆ ಮಲಗುತ್ತವೆ, ಕಣ್ಣು ಬಿಟ್ಟಾಗ ಅಜ್ಜಿ ಎದುರಿಗಿರುತ್ತಾಳೆ. ಕೇಳಲು ಸೊಗಸಾಗಿದೆ. ಆದರೆ ನಾಲ್ಕು ವರ್ಷದ ಮಗುವಿಗೆ ಒಂದು ಪರದೆ, ಒಂದು ಪುಟ್ಟ ದೀಪ, ಅದಕ್ಕೊಂದು ಸ್ವಿಚ್ಚು ಇರುವ ಗೂಡು ಕೊಟ್ಟು ಮಲಗು ಎಂದರೆ ಅದು ಮಲಗೀತೇ? ನೆಲಮಂಗಲ ದಾಟುವವರೆಗೆ ದೀಪ ಹತ್ತುತ್ತದೆ, ಆರುತ್ತದೆ. ಆಮೇಲೆ ಬರುತ್ತದೆ ಶಿರಾಡಿ ಘಾಟಿ.

ಕಣ್ಣು ಕಂಡದ್ದಕ್ಕೂ ಒಳಗಿವಿ ಹೇಳುವುದಕ್ಕೂ ತಾಳೆಯಾಗದೆ ಹೋದಾಗ ಹೊಟ್ಟೆ ತೊಳಸುತ್ತದೆ ಎನ್ನುತ್ತಾರೆ ವೈದ್ಯರು. ಎರಡರಿಂದ ಹನ್ನೆರಡು ವರ್ಷದವರಿಗೆ ಇದರ ಕಾಟ ಹೆಚ್ಚು. ಪರದೆ ಎಳೆದ ಗೂಡಿನಲ್ಲಿ ಕಣ್ಣು 'ಎಲ್ಲ ನಿಂತಲ್ಲೇ ಇದೆ' ಎನ್ನುತ್ತದೆ, ಕಿವಿ 'ಇಲ್ಲ, ತಿರುಗುತ್ತಿದೆ' ಎನ್ನುತ್ತದೆ. ಇಬ್ಬರ ಜಗಳದಲ್ಲಿ ರಾತ್ರಿ ಎರಡು ಗಂಟೆಗೆ ನಿಮ್ಮ ಅಂಗಿ ಬಲಿಯಾಗುತ್ತದೆ. ನಿಂಬೆಹಣ್ಣು ಮೂಸಿಸುವುದು, ಅಡಿಗೆ ಪೇಪರ್ ಹಾಸಿ ಕೂರಿಸುವುದು, ಎಲ್ಲ ನಮ್ಮ ತಾಯಂದಿರೂ ಮಾಡಿ ಸೋತವರೇ. ಮಂಗಳೂರು–ಹಾಸನದ ರೈಲು ಹಾದಿಯನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿದವರು ಪ್ರಯಾಣಿಕರ ಗಾಡಿಯನ್ನು ಮತ್ತೆ ಬಿಟ್ಟದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಒಂದು ಪೀಳಿಗೆ ಕೆಂಪು ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿಯೇ ಘಟ್ಟ ಇಳಿಯಿತು. ನಾನೂ ಅದೇ ಪೀಳಿಗೆಯವನು. ಹಾಗಾಗಿ ನಾನೀಗ ಹಗಲು ರೈಲಿನ ಪಂಥದವನು, ಸ್ವಲ್ಪ ಕಟ್ಟರ್ ಎಂದೇ ಹೇಳಬಹುದು.

ಬೆಳಿಗ್ಗೆ ಯಶವಂತಪುರದಲ್ಲಿ ಹತ್ತಿದರೆ ಕುಣಿಗಲ್, ಶ್ರವಣಬೆಳಗೊಳ, ಹಾಸನ ದಾಟಿ ರೈಲು ಘಟ್ಟಕ್ಕೆ ಬರುತ್ತದೆ. ಐದು ವರ್ಷದೊಳಗಿನವರಿಗೆ ರೈಲಿನಲ್ಲಿ ಟಿಕೆಟ್ ಬೇಡ. ಆದರೆ ಅವರಿಗೆ ಬೇರೆ ಸೀಟು ಬೇಕೆಂದರೆ ಪೂರ್ತಿ ದುಡ್ಡು ಕೊಡಬೇಕು. ನಾವು ಕೊಡುತ್ತೇವೆ. ಪೂರ್ತಿ ದುಡ್ಡು ಕೊಟ್ಟ ಆ ಸೀಟಿನಲ್ಲಿ ಪುಳಿಯೋಗರೆಯ ಬ್ಯಾಗು ಆರಾಮವಾಗಿ ಕಾಲು ಚಾಚಿ ಕೂತಿರುತ್ತದೆ. ಮಗ ನನ್ನ ತೊಡೆಯ ಮೇಲೆ. ಹಿಂದೆಲ್ಲ ಟಿಟಿಇ ಬಂದಾಗ ಅಮ್ಮಂದಿರು ಮಕ್ಕಳ ವಯಸ್ಸು ಇಳಿಸುವುದು, ಮಕ್ಕಳು ಅಭಿಮಾನದಿಂದ ನಿಜ ಹೇಳಿಬಿಡುವುದು ರೈಲಿನ ಖಾಯಂ ನಾಟಕವಾಗಿತ್ತು. ಆಧಾರ್ ಕಾರ್ಡ್ ಬಂದು ಆ ಮನರಂಜನೆಯೂ ಹೋಯಿತು.

ಚಿಕ್ಕಬಾಣಾವರ ಬರುವುದರೊಳಗೆ ಮೊದಲ ಪ್ರಶ್ನೆ: "ಅಜ್ಜಿ ಊರು ಬಂತಾ?" ಕುಣಿಗಲ್ಲಿಗೆ ಬರುವುದರೊಳಗೆ ಸಂಜೆಯವರೆಗೆಂದು ಕಟ್ಟಿದ ಚಕ್ಕುಲಿ ಕೋಡುಬಳೆ ಖಾಲಿ. ಪುಳಿಯೋಗರೆಯನ್ನು ಯಾರೂ ಕೇಳುವುದಿಲ್ಲ. ಅದನ್ನು ಊರಲ್ಲಿ ಇಳಿದ ಮೇಲೆ ನಾವೇ ತಿನ್ನಬೇಕೆಂಬುದು ಅಲಿಖಿತ ನಿಯಮ.

ಇನ್ನು ಕಿಟಕಿಯ ವಿಷಯ. ಹತ್ತು ವರ್ಷದ ಮಗಳು ಈ ಸಲ ಹತ್ತುವಾಗಲೇ ಬಲು ಉದಾರಿಯಾಗಿಬಿಟ್ಟಳು. "ಹಾಸನದವರೆಗೆ ಕಿಟಕಿ ನಿನಗೇ ಪುಟ್ಟ, ಆಮೇಲೆ ನನಗೆ" ಅಂದಳು. ತಮ್ಮ ಕುಣಿದಾಡಿದ. ಅಕ್ಕಪಕ್ಕದ ಪ್ರಯಾಣಿಕರು ಎಂಥ ಒಳ್ಳೆಯ ಹುಡುಗಿ ಎಂದು ಮೆಚ್ಚಿದರು. ಒಪ್ಪಂದದ ಒಳಗುಟ್ಟು ಹೊರಬಿದ್ದದ್ದು ಸಕಲೇಶಪುರ ಬಿಟ್ಟ ಮೇಲೆ. ಹಾಸನದವರೆಗೆ ಕಾಣುವುದು ತೆಂಗಿನ ತೋಟ, ರಾಗಿ ಹೊಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಅಷ್ಟೂ ಅವಳ ಪಾಲಿಗೆ! ಮೊದಲ ಸುರಂಗದಲ್ಲಿ ಇಡೀ ಬೋಗಿಯ ಮಕ್ಕಳು ಕಿರುಚಿದರೆ ನಮ್ಮವನು ಅತ್ತ.

ಸಂಧಾನಕ್ಕೆ ಕೂತೆವು. ಬೆಸ ಸಂಖ್ಯೆಯ ಸುರಂಗಗಳೆಲ್ಲ ತನಗೆ, ಸರಿ ಸಂಖ್ಯೆಯವು ತಮ್ಮನಿಗೆ ಎಂದಳು ಮಗಳು. ನ್ಯಾಯವಾಗಿಯೇ ಇದೆ ಎಂದು ಅವಳಮ್ಮ ಒಪ್ಪಿದಳು. ಬೆಸ, ಸರಿ ಎಂದರೇನೆಂದು ತಿಳಿಯದ ಮಗನೂ ಒಪ್ಪಿದ. 57ರಲ್ಲಿ ಬೆಸ ಸಂಖ್ಯೆಗಳು 29, ಸರಿ ಸಂಖ್ಯೆಗಳು 28. ಈ ಹುಡುಗಿಗೆ ಗಣಿತದಲ್ಲಿ ಬಿ ಗ್ರೇಡ್ ಯಾಕೆ ಕೊಟ್ಟರೋ ಅವಳ ಟೀಚರನ್ನು ಕೇಳಬೇಕು.

ಘಟ್ಟದಲ್ಲಿ ರೈಲು ಗಂಟೆಗೆ ಮೂವತ್ತು ಕಿಲೋಮೀಟರು ಮೀರುವಂತಿಲ್ಲ. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗಿಳಿಯುವಂಥ ಇಳಿಜಾರು. ದೊಡ್ಡವರಾದ ನಾವು ಬಾಗಿಲ ಬಳಿ ಮೊಬೈಲ್ ಹಿಡಿದು ಎರಡು ಸುರಂಗಗಳ ನಡುವಿನ ಕಣಿವೆಗಾಗಿ, ಒಣಗಿದ ತೊರೆಗಾಗಿ ಕಾಯುತ್ತೇವೆ. ಮಕ್ಕಳಿಗೆ ಕಣಿವೆ ಬೇಡ. ಅವರು ಕಾಯುವುದು ಕತ್ತಲೆಗೆ. ಬಂಡೆ ಹತ್ತಿರ ಬಂತು, ಬೆಳಕು ಕತ್ತರಿಸಿತು ಎನ್ನುವಾಗ ಬೋಗಿಯ ಆ ತುದಿಯಿಂದ ಈ ತುದಿಯವರೆಗೆ "ಓ" ಎಂಬ ಒಂದೇ ಕೂಗು. ಕಲ್ಲಿನ ಗೋಡೆ ಅದನ್ನು ದುಪ್ಪಟ್ಟು ಮಾಡಿ ವಾಪಸು ಕೊಡುತ್ತದೆ. ಹೊರಬಂದೊಡನೆ ಎಲ್ಲರೂ ಗಪ್‌ಚಿಪ್. ಎದುರು ಸೀಟಿನ ಹಿರಿಯರೊಬ್ಬರು ಮೊದಲ ಕೆಲವು ಸುರಂಗಗಳಿಗೆ ಹುಬ್ಬು ಗಂಟಿಕ್ಕಿದರು. ಆಮೇಲೆ ಕತ್ತಲೆಯಲ್ಲಿ ಗಡಸು ದನಿಯ "ಓ" ಒಂದು ನಮ್ಮ ಎದುರಿನಿಂದಲೇ ಬರತೊಡಗಿತು. ಬೆಳಕಾದಾಗ ನೋಡಿದರೆ ಅವರು ಪೇಪರ್ ಓದುತ್ತಿದ್ದರು.

ಎಡಕುಮರಿಯಲ್ಲಿ ಗಾಡಿ ಸ್ವಲ್ಪ ಹೊತ್ತು ನಿಂತಿತು. ಸುತ್ತ ಕಾಡು, ವಾಹನ ಬರುವಂಥ ರಸ್ತೆಯಿಲ್ಲ, ಒಂದು ಪುಟ್ಟ ನಿಲ್ದಾಣ. "ಇಲ್ಲಿರೋ ಸ್ಟೇಷನ್ ಮಾಸ್ಟರ್ ಮಕ್ಕಳು ಸ್ಕೂಲಿಗೆ ಹೇಗೆ ಹೋಗ್ತಾರೆ?" ಎಂದಳು ಮಗಳು. ಹೆಂಡತಿ ನನ್ನ ಕಡೆ ನೋಡಿದಳು, ನಾನು ಕಾಡಿನ ಕಡೆ ನೋಡಿದೆ. "ಹೋಗೋದೇ ಇಲ್ವೇನೋ" ಎಂದು ತಾನೇ ಉತ್ತರಿಸಿಕೊಂಡು ಆ ನಿಲ್ದಾಣವನ್ನು ಆಸೆಯಿಂದ ನೋಡುತ್ತ ಕೂತಳು.

ಪುತ್ತೂರಿನಲ್ಲಿ ಇಳಿದು ಹಳ್ಳಿಗೆ ಸರ್ಕಾರಿ ಬಸ್ಸು. ದೂರ ಕಮ್ಮಿ, ರಗಳೆ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಡತಿಗೂ ಮಗಳಿಗೂ ಶೂನ್ಯ ಟಿಕೆಟ್. ಮಗನಿಗೆ ಆರು ತುಂಬಿಲ್ಲವಾದ್ದರಿಂದ ಟಿಕೆಟ್ಟೇ ಇಲ್ಲ. ಇಡೀ ಸಂಸಾರದಲ್ಲಿ ದುಡ್ಡು ಕೊಡುವವನು ನಾನೊಬ್ಬನೇ. ಅದನ್ನು ಸಹಿಸಿಕೊಳ್ಳಬಹುದು. ಆದರೆ ಅಮ್ಮನ ಕೈಯಲ್ಲಿ ಚೀಟಿ, ಅಕ್ಕನ ಕೈಯಲ್ಲಿ ಚೀಟಿ, ಅಪ್ಪನ ಕೈಯಲ್ಲಿ ಚೀಟಿ, ತನ್ನ ಕೈ ಮಾತ್ರ ಖಾಲಿ ಎಂದು ಕಂಡ ಮಗ ಬಸ್ಸು ಹಾರಿಹೋಗುವಂತೆ ಅತ್ತ. ಕಂಡಕ್ಟರ್ ಅನುಭವಸ್ಥರು. "ನಿಂಗೆ ಪಾಸ್ ಮಾರಾಯ, ದೊಡ್ಡ ಜನಕ್ಕೆ ಟಿಕೆಟ್ ಇಲ್ಲ" ಎಂದರು. ಅವನು ಒಪ್ಪಲಿಲ್ಲ. ಕೊನೆಗೆ ದುಡ್ಡು ಕೊಟ್ಟ ನನ್ನ ಟಿಕೆಟ್ಟೇ ಅವನ ಮುಷ್ಟಿ ಸೇರಿತು. ಅಜ್ಜಿ ಮನೆ ಮುಟ್ಟುವ ಹೊತ್ತಿಗೆ ಅದು ಬೆವರಿಗೆ ನೆನೆದು ಅಕ್ಷರವೇ ಅಳಿಸಿಹೋಗಿತ್ತು. ದಾರಿಯಲ್ಲಿ ಚೆಕಿಂಗ್‌ನವರು ಹತ್ತದಿದ್ದದ್ದು ನನ್ನ ಪುಣ್ಯ.

"ದಾರಿಯಲ್ಲಿ ಏನೇನು ನೋಡಿದೆ ಮಗಾ?" ಎಂದು ಅಜ್ಜಿ ಕೇಳಿದರು. ಶ್ರವಣಬೆಳಗೊಳದ ಬೆಟ್ಟವನ್ನು ತೋರಿಸಿದ್ದೆ, ಗುಡ್ಡದ ಮೇಲಿನ ಕಾಫಿ ತೋಟ ತೋರಿಸಿದ್ದೆ. "ಕತ್ತಲೆ" ಅಂದ.

ಇಷ್ಟಾದ ಮೇಲೂ ನನ್ನ ಮತ ಹಗಲು ರೈಲಿಗೇ. ಒಂದು ಹಗಲು ಪೂರ್ತಿ ದಂಡ ಎನ್ನುವವರಿಗೆ ನನ್ನ ಪ್ರಶ್ನೆ: ಏಳು ವಾರ ರಜೆ ಇರುವವರಿಗೆ ಒಂದು ಹಗಲು ಉಳಿಸಿ ಆಗಬೇಕಾದ್ದೇನು? ಮುಂಗಡ ಟಿಕೆಟ್ ಈಗ ಸಿಗುವುದು 60 ದಿನ ಮೊದಲಷ್ಟೇ. ಅಂದರೆ ಫೆಬ್ರವರಿ ಎರಡನೇ ವಾರಕ್ಕೆಲ್ಲ ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಸಿದ್ಧರಾಗಿರಿ. ಊರಿನ ಹೆಸರು ಹಾಕುವಾಗ ಮಾತ್ರ ಜೋಪಾನ: ರೈಲ್ವೆಯವರ ಪಟ್ಟಿಯಲ್ಲಿ ನಮ್ಮ ಊರು 'ಕಬಕ ಪುತ್ತೂರು'. ಬರೀ ಪುತ್ತೂರು ಎಂದು ಒತ್ತಿದರೆ ಆಂಧ್ರದಲ್ಲಿ ತಿರುಪತಿಯ ಹತ್ತಿರ ಇಳಿಯುತ್ತೀರಿ.