ರಿಟರ್ನ್ ಭಾವ

ಪುತ್ತೂರು, ಸುಳ್ಯ, ಕಡಬದ ಕಡೆ ನೆಂಟರಿಷ್ಟರು ಇರುವವರಿಗೆಲ್ಲ ಇಂಥ ಒಬ್ಬ ಇದ್ದೇ ಇರುತ್ತಾನೆ. ವಸ್ತು ಕೊಳ್ಳುವುದಕ್ಕಿಂತ ವಸ್ತು ನೋಡುವುದರಲ್ಲಿ ಇವನಿಗೆ ಸುಖ ಜಾಸ್ತಿ. ಪುತ್ತೂರಿನ ಕೃಷಿ ಯಂತ್ರ ಮೇಳಕ್ಕೆ ಬಂದರೆ ಪ್ರತಿ ಮಳಿಗೆಯಲ್ಲೂ ಕಾರ್ಬನ್ ಫೈಬರ್ ದೋಟಿ ಎತ್ತಿ, ಆಕಾಶಕ್ಕೆ ಹಿಡಿದು, ಬಾಗು ನೋಡಿ, ತೂಕ ಕೇಳಿ, ಹಿಂದಿನ ಮಳಿಗೆಯವನು ಇದಕ್ಕಿಂತ ಇನ್ನೂರು ಗ್ರಾಂ ಕಡಿಮೆ ಹೇಳಿದ ಎಂದು ನಿಟ್ಟುಸಿರು ಬಿಟ್ಟು, ಕರಪತ್ರ ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಅವನ ಮಾತು ಕೇಳಿ ನೆರೆಕರೆಯವರು ದೋಟಿ ಕೊಂಡು ಎರಡು ಕೊಯ್ಲು ಮುಗಿಸಿದ್ದಾರೆ. ಅವನ ತೋಟಕ್ಕೆ ಮಾತ್ರ ಇವತ್ತಿಗೂ ಮರ ಹತ್ತುವವರೇ ಬರಬೇಕು.

ನನ್ನ ಪಾಲಿಗೆ ಬಂದವನು ಸೋದರಮಾವನ ಮಗ. ಹೆಸರು ಬರೆದರೆ ಮುಂದಿನ ಜಂಬರಕ್ಕೆ ಹೇಳಿಕೆ ಬರಲಿಕ್ಕಿಲ್ಲ, ಹಾಗಾಗಿ ಭಾವ ಎಂದರೆ ಸಾಕು. ನಲವತ್ತು ದಾಟಿದೆ. ಅಡಿಕೆ, ಅದರ ಮೈಗೆ ಕಾಳುಮೆಣಸು, ಗುಡ್ಡೆಯ ಬದಿಗೆ ಸ್ವಲ್ಪ ರಬ್ಬರ್. ಮನೆ ಸುಬ್ರಹ್ಮಣ್ಯದ ದಾರಿಯಲ್ಲಿ ಒಳಗೆ. ಮೊದಲು ಸುಳ್ಯ ತಾಲೂಕು, ಈಗ ಕಡಬ. ತಾಲೂಕು ಬದಲಾದ ಸಂಗತಿ ಸರಕಾರಕ್ಕೆ ಗೊತ್ತು, ಪಾರ್ಸೆಲ್ ತರುವವರಿಗೆ ಗೊತ್ತಿಲ್ಲ. ಸುಳ್ಯದವರು ಕಡಬಕ್ಕೆ ಕೇಳಿ ಎನ್ನುತ್ತಾರೆ, ಕಡಬದವರು ಅದು ಇನ್ನೂ ಸುಳ್ಯದ ಲೈನು ಎನ್ನುತ್ತಾರೆ. ಕೊನೆಗೆ ಭಾವ ಕಂಡುಹಿಡಿದ ಉಪಾಯವೆಂದರೆ ಪುತ್ತೂರು ದರ್ಬೆಯ ನನ್ನ ಮನೆ. ತೊಂದರೆ ಶುರುವಾದದ್ದು ಅಲ್ಲಿಂದ.

ಅಡಿಕೆಗೆ ಎರಡನೇ ಸುತ್ತಿನ ಮದ್ದು ಬಿಟ್ಟು ಮುಗಿದಿತ್ತು. ಜಡಿಮಳೆ. ಇಂಥ ಹೊತ್ತಿನಲ್ಲಿ ಕೃಷಿಕನ ತಲೆಗೆ ಏನು ಬೇಕಾದರೂ ಹೊಳೆಯಬಹುದು. ಫೋನು ಬಂತು.

“ಭಾವಾ, ಟಚ್ ಸ್ಕ್ರೀನಿಲಿ ಕಾಂಟ್ರಾ ಆಡ್ಲೆ ಎಡಿತ್ತಿಲ್ಲೆ. ಬೆರಳಿಂಗೆ ಗೊಂತೇ ಆವ್ತಿಲ್ಲೆ. ಒಂದು ಕಂಟ್ರೋಲರ್ ತರುಸುವ ಹೇಳಿ.”

ಕಾಂಟ್ರಾ ಎಂದರೆ ಬಂದೂಕು ಹಿಡಿದು ಓಡುವ ಇಬ್ಬರು ಅಂಗಿಯಿಲ್ಲದ ಶೂರರ ಆಟ. ಜಪಾನಿನ ಕೊನಾಮಿ ಕಂಪೆನಿ 1987ರಲ್ಲಿ ಆರ್ಕೇಡಿಗೆ, ಮರುವರ್ಷ ಟಿವಿ ಗೇಮಿಗೆ ಬಿಟ್ಟದ್ದು. ನಮ್ಮ ಕೈಗೆ ಬಂದದ್ದು ತೊಂಬತ್ತರ ದಶಕದಲ್ಲಿ, ಮಾವ ಮಂಗಳೂರಿನಿಂದ ತಂದ ಒಂದು ಬಿಳಿ ಪೆಟ್ಟಿಗೆಯೊಳಗೆ. ನಿಂಟೆಂಡೊದವರು 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲು ಅದು. ಕ್ಯಾಸೆಟಿನ ಮೇಲೆ 9999 ಆಟ ಎಂದು ಅಚ್ಚಾಗಿತ್ತು. ಒಳಗೆ ಇದ್ದದ್ದು ಬೆರಳೆಣಿಕೆಯಷ್ಟು, ಅವೇ ಬೇರೆ ಬೇರೆ ಹೆಸರಿನಲ್ಲಿ ತಿರುಗಿ ತಿರುಗಿ ಬರುತ್ತಿದ್ದವು. ನಮ್ಮ ಇಡೀ ಬಾಲ್ಯ ನಕಲಿ ಮಾಲಿನ ಮೇಲೆ ನಡೆದಿದೆ. ಇವತ್ತು ಈ ಆಟಗಳ ಫೈಲು ಎಲ್ಲಿಂದ ಸಿಕ್ಕಿತು, ಹಕ್ಕು ಯಾರದ್ದು ಎಂದು ಕೇಳಿದರೆ ಭಾವನಿಗೆ ತಕ್ಷಣ ನೆಟ್‌ವರ್ಕ್ ಹೋಗುತ್ತದೆ.

ಆ ಪೆಟ್ಟಿಗೆಗೆ ಎರಡು ಕಂಟ್ರೋಲರ್. ಅಸಲಿ ಫ್ಯಾಮಿಕಾಮಿನ ಎರಡನೇ ಕಂಟ್ರೋಲರಿಗೆ ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳೇ ಇರಲಿಲ್ಲ, ಅದರ ಬದಲಿಗೆ ಒಂದು ಮೈಕ್ ಕೊಟ್ಟಿದ್ದರು. ನಮ್ಮ ನಕಲು ಮಾಡಿದ ಮಹಾನುಭಾವರು ಮೈಕನ್ನೂ ಕೊಡಲಿಲ್ಲ, ಗುಂಡಿಯನ್ನೂ ಕೊಡಲಿಲ್ಲ. ಮನೆ ಅವನದು, ಟಿವಿ ಅವನದು, ಅಪ್ಪ ಅವನ ಅಪ್ಪ. ಆದ್ದರಿಂದ ಒಂದನೇ ಕಂಟ್ರೋಲರ್ ಅವನದು. ನಾನು ದೊಡ್ಡ ರಜೆಗೆ ಅಜ್ಜನಮನೆಗೆ ಬಂದವನು, ನನಗೆ ಎರಡನೆಯದು. ಆಟ ಶುರು ಮಾಡುವವನೂ ಅವನೇ, ನಡುವೆ ನಿಲ್ಲಿಸಿ ಮಾವಿನಹಣ್ಣು ತಿನ್ನಲು ಹೋಗುವವನೂ ಅವನೇ. ನಾನು ಅಲ್ಲೇ ಬಂದೂಕು ಹಿಡಿದು ನಿಂತಿರಬೇಕು. ನಮ್ಮಿಬ್ಬರ ಸಂಬಂಧ ಇವತ್ತಿಗೂ ಬಹುಮಟ್ಟಿಗೆ ಅದೇ ಏರ್ಪಾಡಿನಲ್ಲಿ ನಡೆಯುತ್ತಿದೆ.

ಕಂಟ್ರೋಲರಿನ ಬಗ್ಗೆ ಅವನಿಗೆ ತಿಳಿಯದ್ದು ಇಲ್ಲ. ಫೋನನ್ನು ಎರಡೂ ಬದಿಯಿಂದ ತಬ್ಬಿ ಹಿಡಿಯುವ, ಎಳೆದರೆ ಉದ್ದವಾಗುವ ಜಾತಿ ಒಂದು. ಅದರಲ್ಲಿ ಬ್ಯಾಕ್‌ಬೋನ್, ರೇಝರ್ ಕಿಶಿ ಎಲ್ಲ ನಮ್ಮ ಕಿಸೆಗೆ ನಿಲುಕದವು. ಗೇಮ್‌ಸರ್ ಎಕ್ಸ್2 ಅಡಿಕೆಗೆ ಒಳ್ಳೆಯ ರೇಟು ಇದ್ದ ವರ್ಷಕ್ಕೆ. ನಮ್ಮ ದೇಶದ ಆಮ್‌ಕೆಟ್‌ನವರ ಇವೋಫಾಕ್ಸ್ ಡೆಕ್ ಸಾಮಾನ್ಯ ವರ್ಷಕ್ಕೆ. ಇನ್ನೊಂದು ಜಾತಿಯಲ್ಲಿ ಕಂಟ್ರೋಲರ್ ಬೇರೆ, ಅದರ ತಲೆಯ ಮೇಲೆ ಫೋನು ಸಿಕ್ಕಿಸುವ ಕ್ಲಿಪ್ಪು ಬೇರೆ. ಏಟ್‌ಬಿಟ್‌ಡೂ ಎಂಬ ಕಂಪೆನಿ ಹಳೆಯ ನಿಂಟೆಂಡೊದ ಚಹರೆಯಲ್ಲೇ ಇಂಥದ್ದನ್ನು ಮಾಡುತ್ತದೆ, ಅದರ ಚಿತ್ರ ನೋಡಿದರೆ ಭಾವನ ಕಣ್ಣು ತುಂಬುತ್ತದೆ. ಮತ್ತೂ ಅಗ್ಗದಲ್ಲಿ ಪಬ್ಜಿ ಆಡುವವರಿಗಾಗಿ ಮಾಡಿದವು ಸಿಗುತ್ತವೆ. ಅವುಗಳಲ್ಲಿ ಹಲವು ಪರದೆ ಮುಟ್ಟಿದ ಹಾಗೆ ನಟಿಸುತ್ತವೆ ಅಷ್ಟೆ. ಹಳೆಯ ಆಟ ನಡೆಸುವ ರೆಟ್ರೋಆರ್ಕ್‌ನಂಥ ಆ್ಯಪು ಅವನ್ನು ಕಂಟ್ರೋಲರ್ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದನ್ನೆಲ್ಲ ನಾನು ಪುಸ್ತಕ ಓದಿ ತಿಳಿದದ್ದಲ್ಲ. ಊಟದ ಹೊತ್ತಿಗೆ ಬರುವ ಫೋನಿನಲ್ಲಿ, ಅನ್ನ ತಣಿಯುತ್ತಿರುವಾಗ ಕೇಳಿ ತಿಳಿದದ್ದು.

ಡಿ-ಪ್ಯಾಡಿನ ವಿಷಯದಲ್ಲಿ ಮಾತ್ರ ಅವನಿಗೆ ನಮಸ್ಕರಿಸಬೇಕು. ಎಡಗೈ ಹೆಬ್ಬೆರಳಿನ ಕೆಳಗಿರುವ ಆ ಕೂಡಿಸುವ ಚಿಹ್ನೆಯ ಗುಂಡಿ ಗುನ್ಪೆಯ್ ಯೊಕೊಯ್ ಎಂಬ ನಿಂಟೆಂಡೊ ಇಂಜಿನಿಯರನದ್ದು, 1982ರಲ್ಲಿ ಒಂದು ಅಂಗೈ ಅಗಲದ ಆಟಕ್ಕೆ ಮಾಡಿದ್ದು. ಹಳೆಯ ಆಟಗಳಿಗೆ ಬೇಕಾದದ್ದು ಅದೊಂದೇ. ಕಾಂಟ್ರಾದಲ್ಲಿ ಕೆಳಗಿನ ಬದಿ ಒತ್ತಿದರೆ ನಮ್ಮ ಶೂರ ಬೋರಲು ಮಲಗುತ್ತಾನೆ, ಗುಂಡು ತಲೆಯ ಮೇಲಿಂದ ಹೋಗುತ್ತದೆ. ಅಗ್ಗದ ಡಿ-ಪ್ಯಾಡಿನಲ್ಲಿ ಕೆಳಗೆ ಒತ್ತಿದಾಗ ಬಲಬದಿಯೂ ಸ್ವಲ್ಪ ತಾಗಿಬಿಡುತ್ತದೆ. ಆಗ ಅವನು ಮಲಗುವ ಬದಲು ಬಂದೂಕನ್ನು ನೆಲದ ಕಡೆ ಓರೆಯಾಗಿ ತೋರಿಸಿಕೊಂಡು ನೇರ ಗುಂಡಿನ ಬಾಯಿಗೆ ಓಡುತ್ತಾನೆ. ಸತ್ತ. ಈ ಒಂದು ಸಾವಿನ ಪರೀಕ್ಷೆಯಲ್ಲಿ ಕಂಟ್ರೋಲರಿನ ಯೋಗ್ಯತೆ ತೀರ್ಮಾನವಾಗುತ್ತದೆ, ಮತ್ತೆ ಯಾವ ವಿಮರ್ಶೆಯೂ ಬೇಡ. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದವನು ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮಳೆಗಾಲದ ಉಳಿದ ಭಾಗವನ್ನು ಅವನು ಕಡ್ಡಿಗಳ, ಅಂದರೆ ಅನಲಾಗ್ ಸ್ಟಿಕ್ಕುಗಳ ಅಧ್ಯಯನಕ್ಕೆ ಕೊಟ್ಟ. ಒಳಗೆ ತಿಕ್ಕಾಟ ಇದ್ದರೆ ಸವೆದು ತಾನಾಗಿ ಒಂದು ಬದಿಗೆ ಜಾರುತ್ತದಂತೆ. ಅಯಸ್ಕಾಂತದ ಹಾಲ್ ಎಫೆಕ್ಟ್ ಆದರೆ ಸವೆಯುವುದಿಲ್ಲವಂತೆ. ನಿಜವೇ. ಆದರೆ ಕಾಂಟ್ರಾಕ್ಕೂ ಮಾರಿಯೋಗೂ ಕಡ್ಡಿಯೇ ಬೇಡವಲ್ಲ ಎಂದು ನಾನು ಕೇಳಿದ್ದಕ್ಕೆ, “ಅದಪ್ಪು. ಆದರೆ ಇದ್ದ ಮೇಲೆ ಒಳ್ಳೆದೇ ಇರೆಕ್ಕನ್ನೆ?” ಎಂದ. ಉತ್ತರ ಇಲ್ಲ.

ಈಗ ಒಟಿಪಿಯ ಕಥೆ ಹೇಳಲೇಬೇಕು. ಪಾರ್ಸೆಲ್ ಬರುವುದು ನನ್ನ ಮನೆಗೆ, ಒಟಿಪಿ ಹೋಗುವುದು ಅವನ ಫೋನಿಗೆ. ಅವನ ಮನೆ ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ. ಕರೆಂಟಿದ್ದರೆ ವೈಫೈ, ಇಲ್ಲದಿದ್ದರೆ ಮೇಲಿನ ನೀರಿನ ಟಾಂಕಿಯ ಹತ್ತಿರ ಹೋಗಿ ನಿಂತರೆ ಎರಡು ಕಡ್ಡಿ ಸಿಗ್ನಲ್. ಮಳೆಗಾಲದಲ್ಲಿ ಕರೆಂಟಿನ ಮಾತು ಎತ್ತದಿರುವುದೇ ಮರ್ಯಾದೆ. ಒಂದು ಮಧ್ಯಾಹ್ನ ಡೆಲಿವರಿಯ ಹುಡುಗ ರೈನ್‌ಕೋಟಿನಿಂದ ನೀರಿಳಿಸುತ್ತ ಚಾವಡಿಯಲ್ಲಿ ನಿಂತ. “ಅಣ್ಣ, ಒಟಿಪಿ ಹೇಳಿ.” ಭಾವನಿಗೆ ಫೋನು ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾನೆ. ಅವನ ನೆರೆಮನೆಗೆ ಮಾಡಿದೆ. ಅಲ್ಲಿಯ ಅಕ್ಕ ಫೋನು ಹಿಡಿದುಕೊಂಡೇ ತೋಟದ ಕಡೆ ಒಂದು ಕೂಗು ಹಾಕಿದರು, ದರ್ಬೆಯಲ್ಲಿ ನನ್ನ ಕಿವಿ ತೂತಾಯಿತು. ಹುಡುಗನಿಗೆ ಮನೆಯವಳು ಮಜ್ಜಿಗೆ ಕೊಟ್ಟಳು. ಎರಡನೇ ಲೋಟವೂ ಮುಗಿಯಿತು. ಕಡೆಗೂ ಟಾಂಕಿಯ ಬಳಿಯಿಂದ ಏದುಸಿರು ಬಿಡುತ್ತಾ ಭಾವನ ಫೋನು.

“ಒಟಿಪಿ ಬೈಂದು, ಹೇಳ್ತೆ. ಅದರಂದ ಮದಲು ಪೆಟ್ಟಿಗೆ ಒಂದರಿ ನೋಡು. ಹಾಲ್ ಎಫೆಕ್ಟ್ ಹೇಳಿ ಬರದ್ದಾ?”

ಪೆಟ್ಟಿಗೆಯನ್ನು ಆರೂ ಮುಖ ತಿರುಗಿಸಿ ನೋಡಿದೆ. ಬರೆದಿರಲಿಲ್ಲ.

“ಹಾಂಗಾರೆ ಬೇಡ ಭಾವ. ವಾಪಸು ಕಳುಸು.”

ಸ್ಪೀಕರಿನಲ್ಲಿ ಇದನ್ನು ಕೇಳಿದ ಹುಡುಗ, “ಬೇಡದಿದ್ರೆ ಮೊದ್ಲೇ ಹೇಳ್ಲಿಕ್ಕೆ ಆಗುದಿಲ್ವಾ ಅಣ್ಣ? ನಂಗೆ ಇನ್ನು ಕಬಕಕ್ಕೆ ಹೋಗ್ಲಿಕ್ಕುಂಟು” ಎಂದ. ನ್ಯಾಯವಾದ ಮಾತು. ನಾನು ಕ್ಷಮೆ ಕೇಳುವಷ್ಟರಲ್ಲಿ ಅವನೇ, “ಅಲ್ಲ, ಅದು ಎಂತದು?” ಎಂದು ಕೇಳಿಬಿಟ್ಟ. ಕೇಳಬಾರದಿತ್ತು. ಟಾಂಕಿಯ ಬಳಿ ಮಳೆಯಲ್ಲಿ ನಿಂತ ಭಾವ ಯೊಕೊಯ್‌ನಿಂದ ಶುರು ಮಾಡಿದ. ಬ್ಲೂಟೂತಿನಲ್ಲಿ ಗುಂಡಿ ಒತ್ತಿದ್ದು ಪರದೆಗೆ ಮುಟ್ಟುವುದು ತಡ, ಟೈಪ್-ಸಿಯಲ್ಲಿ ನೇರ ಸಿಕ್ಕಿಸಿದರೆ ಬೇಗ. ಈ ಆಟಗಳ ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ, ಅಂದರೆ ಒಂದು ಚಿತ್ರಕ್ಕೆ 17 ಮಿಲಿಸೆಕೆಂಡೂ ಇಲ್ಲ, ಅಷ್ಟರಲ್ಲಿ ಮಾರಿಯೋ ಹೊಂಡಕ್ಕೆ ಬಿದ್ದಿರುತ್ತಾನೆ. ಫೋನಿನ ಕವರು ದಪ್ಪ ಇದ್ದರೆ ಟೈಪ್-ಸಿ ಒಳಗೆ ಪೂರ್ತಿ ಹೋಗುವುದಿಲ್ಲ, ಮೊದಲು ಕವರು ತೆಗೆದು ಅಳತೆ ಮಾಡಬೇಕು. ಹುಡುಗ ಮಜ್ಜಿಗೆಯ ಲೋಟ ಹಿಡಿದುಕೊಂಡೇ ತಲೆಯಾಡಿಸುತ್ತಿದ್ದ. ಪಾರ್ಸೆಲನ್ನು ವಾಪಸು ತೆಗೆದುಕೊಂಡು ಹೋದ. ಆಮೇಲೊಮ್ಮೆ ಬೇರೇನೋ ತಂದುಕೊಡಲು ಬಂದಾಗ ಹೇಳಿದ, ಅದೇ ಮಾಡೆಲನ್ನು ಅವನೇ ತರಿಸಿಕೊಂಡಿದ್ದಾನಂತೆ. ಡಿ-ಪ್ಯಾಡು ಚೆನ್ನಾಗಿದೆಯಂತೆ.

ಕವರಿನ ಮಾತು ಬಂದದ್ದಕ್ಕೆ ಹೇಳಬೇಕು. ಭಾವನ ಸ್ವಂತ ಫೋನಿನ ಕವರು ಟ್ರ್ಯಾಕ್ಟರಿನ ಟಯರಿನಷ್ಟು ದಪ್ಪ. ಒಮ್ಮೆ ಅದು ಬೋರ್ಡೋ ದ್ರಾವಣದ ಡ್ರಮ್ಮಿಗೆ ಬಿದ್ದು, ಮೈಲುತುತ್ತಿನ ನೀಲಿ ಬಣ್ಣದಲ್ಲಿ ಮೇಲೆ ಬಂದು, ಆಶ್ಚರ್ಯವೆಂಬಂತೆ ಬದುಕಿದೆ. ಅಂದಿನಿಂದ ಕವರು ತೆಗೆಯುವುದಿಲ್ಲ ಎಂಬ ಶಪಥ. ಕವರು ತೆಗೆಯದೆ ಎಳೆದು ಸಿಕ್ಕಿಸುವ ಕಂಟ್ರೋಲರ್ ಕೂರುವುದಿಲ್ಲ. ಆದರೂ ಅವನು ಹೋಲಿಸಿ ನೋಡುತ್ತಿದ್ದದ್ದು ಪೂರಾ ಅಂಥವನ್ನೇ.

ರೇಟಿನ ವಿಷಯದಲ್ಲಿ ಇವನ ಸಿದ್ಧಾಂತ ಪುತ್ತೂರು ಪೇಟೆಗೇ ಗೊತ್ತು. ಹೊಸ ಅಡಿಕೆಯನ್ನು ಮಾರುವುದಿಲ್ಲ, ಏರಲಿ ಎನ್ನುತ್ತಾನೆ. ಅದು ಹಳೆ ಅಡಿಕೆಯಾಗುತ್ತದೆ, ಇನ್ನೂ ಏರಲಿ. ಅದಕ್ಕೂ ಹಳತಾಗಿ ಡಬ್ಬಲ್ ಚೋಲ್ ಆಗುತ್ತದೆ, ಕಾಯುತ್ತಾನೆ. ಕಂಟ್ರೋಲರಿನ ರೇಟು ನೋಡಿದರೆ ಇಳಿಯಲಿ ಎನ್ನುತ್ತಾನೆ. ದೀಪಾವಳಿಯ ಸೇಲಿಗೆ ಇಳಿಯುತ್ತದೆ, ಹೊಸ ವರ್ಷಕ್ಕೆ ಇನ್ನೂ ಇಳಿಯಲಿ. ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಅಟ್ಟದಲ್ಲಿ ಅಡಿಕೆ, ಫೋನಿನಲ್ಲಿ ವಿಶ್‌ಲಿಸ್ಟು. ಆದರೆ ಕೈ ಬಿಗಿಯವನು ಎಂದು ತಿಳಿಯಬೇಡಿ. ನನ್ನ ಮನೆಗೆ ಬರುವಾಗ ಮಗಳಿಗೆ ಕ್ಯಾಂಪ್ಕೋದ ಮೆಲ್ಟೊ ಪೆಟ್ಟಿಗೆಗಟ್ಟಲೆ ತರುತ್ತಾನೆ. ಅವನ ತೋಟದ ಕೊಕ್ಕೋ ಅಲ್ಲಿಗೇ ಹೋಗುವುದು, ನಮ್ಮದೇ ಮಾಲು ತಿನ್ನಬೇಕು ಎಂಬುದು ವಾದ.

ಏಪ್ರಿಲ್ 17, ಪುತ್ತೂರು ಮಹಾಲಿಂಗೇಶ್ವರನ ಬ್ರಹ್ಮರಥೋತ್ಸವದ ದಿನ ಅವನು ಮಧ್ಯಾಹ್ನಕ್ಕೇ ಬಂದ. ಮೆಲ್ಟೊ ಜತೆಗೆ ಯಾರಿಂದಲೋ ಎರವಲು ತಂದ ಒಂದು ಕಂಟ್ರೋಲರ್. ನನ್ನ ಫೋನಿನ ಕವರು ತೆಳ್ಳಗಿದ್ದ ಕಾರಣ ನನ್ನ ಫೋನೇ ಬಲಿ. ಕಾಂಟ್ರಾ ಹಾಕಿ, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಎಂದು ಮೂವತ್ತು ಜೀವದ ಗುಟ್ಟಿನ ಒತ್ತನ್ನು ಮಗಳಿಗೆ ಕಲಿಸಿದ. ಆ ಒತ್ತು ಕಝುಹಿಸಾ ಹಾಶಿಮೊಟೊ ಎಂಬವನು 1986ರಲ್ಲಿ ಬೇರೊಂದು ಆಟಕ್ಕೆ ತನ್ನ ಅನುಕೂಲಕ್ಕೆ ಮಾಡಿಟ್ಟದ್ದು. ಆತ 2020ರಲ್ಲಿ ತೀರಿಕೊಂಡ ಎಂದು ಭಾವ ಸ್ವಂತ ದೊಡ್ಡಪ್ಪನ ಸುದ್ದಿ ಹೇಳುವಂತೆ ಹೇಳಿದ. ಕೆಳಗೆ ಒತ್ತಿದ, ಶೂರ ಮಲಗಿದ. ಓರೆ ಆಗಲಿಲ್ಲ. ಭಾವನ ಮುಖ ಅರಳಿತು. ಡಿ-ಪ್ಯಾಡು ಪಾಸು!

ಮಗಳು ಸ್ವಲ್ಪ ಹೊತ್ತು ನೋಡಿ, “ಮಾವ, ಮತ್ತೆ ನಾನು ಎಲ್ಲಿ ಹಿಡಿಯುದು?” ಎಂದಳು.

ಪರದೆಯಲ್ಲಿ ಇಬ್ಬರು ಆಡುವ ಆಯ್ಕೆ ಅವಳಿಗೆ ಕಂಡಿತ್ತು. ಭಾವ ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದ. ಒಂದು ಫೋನು, ಅದನ್ನು ತಬ್ಬಿಕೊಂಡ ಒಂದು ಯಂತ್ರ, ಹಿಡಿಯಲಿಕ್ಕೆ ಒಬ್ಬನ ಎರಡು ಕೈ. ಇಷ್ಟು ಕಾಲ ತೂಕ, ಅಯಸ್ಕಾಂತ, ಮಿಲಿಸೆಕೆಂಡು ಎಲ್ಲ ಅಳೆದವನಿಗೆ ಇದು ಕಂಡಿರಲಿಲ್ಲ. “ಅಪ್ಪು,” ಎಂದ. “ಇದು ಒಬ್ಬಂಗೆ.”

ಆ ಕ್ಷಣಕ್ಕೆ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಅಜ್ಜನಮನೆಯ ಆ ಟಿವಿಯ ಮುಂದೆ ಸರದಿಗೆ ಕಾಯುತ್ತಿದ್ದ ಭಾವಂದಿರು, ಅತ್ತಿಗೆಯಂದಿರು ಎಲ್ಲ ಬೆಂಗಳೂರು, ಅಮೆರಿಕ ಸೇರಿಯಾಯಿತು. ಹತ್ತಿರದಲ್ಲಿ ಇರುವವನು ನಾನೊಬ್ಬ, ನಾನೂ ಪೇಟೆಯವನಾದೆ. ಅವನ ಮಗ ಹಾಸ್ಟೆಲಿನಲ್ಲಿದ್ದಾನೆ. ತೋಟ ಬಿಟ್ಟು ಹೋಗದೆ ಉಳಿದವನು ಇವನೇ. ಊಟದ ಹೊತ್ತಿಗೆ ಬರುವ ಆ ಫೋನುಗಳಲ್ಲಿ ಕಂಟ್ರೋಲರಿನ ಪಾಲು ಎಷ್ಟು, ಮಾತಾಡಲಿಕ್ಕೆ ಒಂದು ನೆಪದ ಪಾಲು ಎಷ್ಟು ಎಂದು ನಾನು ಯೋಚಿಸಿರಲಿಲ್ಲ. ಇಷ್ಟು ಹೇಳಿ ಕಣ್ಣೊರೆಸಿಕೊಳ್ಳೋಣ ಎಂದುಕೊಳ್ಳುವಷ್ಟರಲ್ಲಿ ಮಹಾರಾಯ, “ಭಾವಾ, ನಿನ್ನ ಟಿವಿಗೆ ಫೋನು ಕನೆಕ್ಟ್ ಆವುತ್ತಾ?” ಎಂದು ಎದ್ದು ಟಿವಿಯ ಹಿಂಬದಿಗೆ ನುಗ್ಗಿದ. ರಥ ಎಳೆಯುವ ಮೊದಲೇ ಹೊಸ ಅಧ್ಯಯನ ಶುರುವಾಗಿತ್ತು. ಅಗ್ಗದ ಫೋನುಗಳ ಟೈಪ್-ಸಿ ತೂತಿನಿಂದ ಹೆಚ್ಚಾಗಿ ಚಿತ್ರ ಹೊರಗೆ ಬರುವುದಿಲ್ಲ, ಗಾಳಿಯಲ್ಲಿ ಕಳಿಸಿದರೆ ತಡವಾಗುತ್ತದೆ ಎಂಬುದು ಈಗ ನನಗೆ ಬಾಯಿಪಾಠ.

ಕಡೆಗೆ ಅವನು ಬೇರೆ ಬೇರೆಯಾಗಿ ಹಿಡಿಯುವ ಎರಡು ಸಾದಾ ಬ್ಲೂಟೂತ್ ಕಂಟ್ರೋಲರ್ ತರಿಸಿದ. ಹಾಲ್ ಎಫೆಕ್ಟ್ ಇಲ್ಲ, ಹೆಸರಾಂತ ಕಂಪೆನಿಯೂ ಅಲ್ಲ. ಟಿವಿಗೆ ಯಾವ ಕೇಬಲ್ಲು ಎಂದು ಹುಡುಕುತ್ತಿರುವಾಗ ವಾಪಸು ಕಳಿಸುವ ಗಡುವು ದಾಟಿಹೋದ ಕಾರಣ ಅವು ನಮ್ಮ ಮನೆಯಲ್ಲೇ ಉಳಿದವು. ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟು, ನೀಲಿ ಹಿಡಿದ ಕವರಿನ ಸಮೇತ, ಮಗಳೂ ಅವನೂ ಆಡುತ್ತಾರೆ. ಒಂದನೆಯದು ಅವನ ಕೈಯಲ್ಲೇ.

ಕಡಿಮೆ ರೇಟಿನ ಕಂಟ್ರೋಲರ್ ಬೇಕಿರುವ ಓದುಗರು ಭಾವನನ್ನು ಧಾರಾಳವಾಗಿ ವಿಚಾರಿಸಬಹುದು, ಸಂಜೆ ಟಾಂಕಿಯ ಹತ್ತಿರ ಸಿಗುತ್ತಾನೆ. ಸಲಹೆ ಪುಕ್ಕಟೆ, ಮಾಹಿತಿ ಸರಿಯಾದದ್ದು. ಪಾರ್ಸೆಲ್ ಮಾತ್ರ ದಯವಿಟ್ಟು ನಿಮ್ಮ ಮನೆಯ ವಿಳಾಸಕ್ಕೇ ತರಿಸಿಕೊಳ್ಳಿ.